ಒಂದು ಬುಟ್ಟಿ ಬೆಂದ ಮಲ್ಲಿಗೆ

ಹಡಗಲಿ ಮಲ್ಲಿಗೆ ಎಂದರೆ ವೇದಿಕೆಯ ಮೇಲಿನವರೆಲ್ಲ ಮೂಗರಳಿಸುತ್ತಾರೆ. ಆ ಮಲ್ಲಿಗೆ ಕಟ್ಟುವವರಲ್ಲಿ ಒಬ್ಬರ ಹೆಸರು ಹೇಳಿ ಎಂದು ಕೇಳಿ ನೋಡಿ, ಮೈಕು ಆಚೆ ತಿರುಗುತ್ತದೆ. ನಾನು ಹೇಳುತ್ತೇನೆ: ಗಾಳೆಮ್ಮ. ವಯಸ್ಸು ನಲವತ್ತೆಂಟು, ಓದಿದ್ದು ಮೂರನೇ ಇಯತ್ತೆ. ಅವಳ ಪಡಸಾಲೆಯಲ್ಲಿ ದಿನಾ ಇಪ್ಪತ್ತೆರಡು ಹೆಂಗಸರು ಹೂ ಕಟ್ಟುತ್ತಾರೆ. ಯಾರಿಗೆ ಯಾವ ಹಾರ ಕೊಡಬೇಕು, ಯಾರ ಕೈ ಸೋತಿದೆ, ಯಾರ ಮನೆಯಲ್ಲಿ ಜ್ವರ, ಎಲ್ಲ ಅವಳಿಗೆ ಗೊತ್ತು. ಇದನ್ನು ಉದ್ಯಮ ಎಂದು ಯಾವ ಇಲಾಖೆಯೂ ಬರೆದುಕೊಂಡಿಲ್ಲ.

ಆ ಇಪ್ಪತ್ತೆರಡು ಒಲೆಗಳು ಉರಿಯುತ್ತಿದ್ದುದು ಒಬ್ಬ ಗಿರಾಕಿಯ ಮೇಲೆ. ಹರಪನಹಳ್ಳಿಯ ಮೂರು ಕಲ್ಯಾಣಮಂಟಪಗಳ ಅಲಂಕಾರದ ಗುತ್ತಿಗೆ ಹಿಡಿದಿರುವ ಶಿವಯೋಗಿ ವರ್ಷವಿಡೀ ಹಾರ ತರಿಸುತ್ತಿದ್ದುದು ಇವಳಿಂದಲೇ. ಕಳೆದ ಮೇ ತಿಂಗಳಲ್ಲಿ ಅವನು ಫೋನಿನಲ್ಲಿ ಎಚ್ಚರಿಸಿದ್ದ: “ಪ್ಲಾಸ್ಟಿಕ್ ಹೂವಿನೋರು ದಿನಾ ಬಾಗ್ಲಿಗೆ ಬರ್ತಾರೆ ಗಾಳೆಮ್ಮ. ಒಂದ್ಸಲ ತಪ್ಪಿದ್ರೆ ಆಮೇಲೆ ನನ್ನ ಬೈಬ್ಯಾಡ.”

ಅದೇ ವಾರ ತಪ್ಪಿತು.

ಅವತ್ತು ಮೊಗ್ಗು ಬಿಡಿಸುವ ಹೊತ್ತಿಗೇ ಮಳೆ ಹೊಡೆಯಿತು. ನೆನೆದ ಮೊಗ್ಗನ್ನು ಸೀರೆಯ ಮೇಲೆ ಹರವಿ, ಫ್ಯಾನಿನ ಕೆಳಗೆ ಆರಿಸಿ, ಆಮೇಲೆ ಕಟ್ಟಬೇಕು. ಕರೆಂಟು ಹೋಗಿತ್ತು. ಹರಪನಹಳ್ಳಿಯಲ್ಲಿ ಸಂಜೆ ಆರಕ್ಕೆ ಆರತಕ್ಷತೆ. ಕಾಯಲು ಪುರಸೊತ್ತಿಲ್ಲದೆ ಹಸಿಯಾಗಿಯೇ ಕಟ್ಟಿಸಿದಳು. ಹೂವಿನ ಬುಟ್ಟಿ ನೀರು ಸೋರಿಸಿದರೆ ಬಸ್ಸಿನ ಕಂಡಕ್ಟರು ಊರೆಲ್ಲ ಕೇಳುವ ಹಾಗೆ ಬೈಯುತ್ತಾನೆ. ಅದಕ್ಕೆ ಹೆದರಿ, ದಿನಾ ಹಾಸುವ ಬಾಳೆ ಎಲೆ ಬಿಟ್ಟು ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೂ ಅದನ್ನೇ ಹೊದಿಸಿ ಬಿಗಿದು ಕಟ್ಟಿದಳು. ಇಪ್ಪತ್ತು ವರ್ಷ ಹೂವಿನ ಜೊತೆ ಬದುಕಿದವಳು!

ಮಧ್ಯಾಹ್ನ ಒಂದಕ್ಕೆ ಮಂಟಪದ ಹಿಂದಿನ ಅಂಗಳದಲ್ಲಿ ಬುಟ್ಟಿ ಬಿಚ್ಚಿದಾಗ ಮೊದಲು ಬಂದದ್ದು ಹಬೆ. ಒಳಗೆ ಮಳೆ ನಿಂತ ಮೇಲಿನ ಬಿಸಿಲಿಗೂ ಬಸ್ಸಿನ ಇಂಜಿನ್ ಕಾವಿಗೂ ಬೆಂದು ಕಂದಿದ ಮಲ್ಲಿಗೆ. ಒಂದು ಹಾರ ಎತ್ತಿದಳು, ಎಸಳು ಬೆರಳಿಗೆ ಅಂಟಿಕೊಂಡಿತು. ಇನ್ನೊಂದು ಎತ್ತಿದಳು. ಬುಡದ ತನಕ ಎಲ್ಲ ಹಾಗೇ.

ಶಿವಯೋಗಿ ಬಗ್ಗಿ ನೋಡಿ ಹೇಳಿದ: “ಏನಮ್ಮ, ಪಲ್ಯ ಮಾಡ್ಕೊಂಡು ಬಂದೀಯಾ? ಐದರ ತನಕ ನೋಡ್ತೀನಿ. ಆಮೇಲೆ ಪ್ಲಾಸ್ಟಿಕ್‌ನೋನಿಗೆ ಫೋನ್ ಮಾಡ್ತೀನಿ. ಇವತ್ತಿಗಷ್ಟೇ ಅಲ್ಲ, ಪೂರ್ತಿ ವರ್ಷಕ್ಕೆ.”

ಗಾಳೆಮ್ಮ ನಲ್ಲಿಯ ಕಟ್ಟೆಯ ಮೇಲೆ ಕುಸಿದಳು. ಹಡಗಲಿಗೆ ಹೋಗಿ ಬರಲು ಹೊತ್ತಿಲ್ಲ. ಹೋದರೂ ಮೊಗ್ಗಿಲ್ಲ. ಹರಪನಹಳ್ಳಿಯ ಇಬ್ಬರು ಹೂವಿನ ವ್ಯಾಪಾರಿಗಳಿಗೆ ಫೋನ್ ಮಾಡಿದಳು. ಒಬ್ಬ ಎತ್ತಲಿಲ್ಲ, ಇನ್ನೊಬ್ಬ ನಕ್ಕ. ಕೊನೆಗೆ ಉಳಿದದ್ದು ಕೊಟ್ಟೂರಿನ ರೇಣುಕಾ.

ರೇಣುಕಾ ಕೂಡ ಹೂವಿನವಳೇ, ಹನ್ನೊಂದು ಹೆಂಗಸರನ್ನು ಇಟ್ಟುಕೊಂಡವಳು. ಪೇಟೆಯವರ ಲೆಕ್ಕದಲ್ಲಿ ಇವರಿಬ್ಬರೂ ಎದುರಾಳಿಗಳು. ಆದರೆ ಎಂಟು ವರ್ಷಗಳಿಂದ ಇಬ್ಬರೂ ಬೆಳಗಾದರೆ ಫೋನಿನಲ್ಲಿ ‘ಮೊಗ್ಗು ಹೆಂಗದಾವು’ ಎಂದು ಶುರು ಮಾಡಿ ಗಂಡಂದಿರನ್ನು ಬೈದು ಮುಗಿಸುತ್ತಾರೆ. ಮುಖಾಮುಖಿ ಭೇಟಿಯಾದದ್ದು ಎರಡೇ ಸಲ.

“ರೇಣುಕಾ, ನಾನು ಹಾಳಾಗಿ ಹೋದ್ನೆಲೇ. ಹೂವೆಲ್ಲ ಬೆಂದೈತಿ.”

“ಅಳಬ್ಯಾಡಕ್ಕ, ನಂಗ ಕೇಳ್ಸವಲ್ದು. ಎಷ್ಟು ಮಾರು ಬೇಕು?”

“ನೂರು.”

“ಅರವತ್ತೈತಿ. ಸಂಜಿ ಪ್ಯಾಟಿಗೆ ಇಟ್ಟಿದ್ದು. ಪ್ಯಾಟಿಯೋರು ಇವತ್ತು ನನ್ನ ಬೈಲಿ ಬಿಡು. ಎರಡೂವರಿ ಬಸ್ಸಿಗೆ ಬರ್ತೀನಿ.”

ಬಂದಳು. ಅರವತ್ತು ಮಾರು ಮಲ್ಲಿಗೆ, ಒಂದು ಚೀಲ ಮರುಗ, ಜೊತೆಗೆ ಹೂ ಕಟ್ಟುವ ನಾಲ್ವರು. ರೇಣುಕಾ ತಂದ ಮಾಲೆಗಳನ್ನು ಬಿಚ್ಚಿ, ನೂರು ಮಾರು ತುಂಬುವ ಹಾಗೆ ನಡುನಡುವೆ ಮರುಗ ಸೇರಿಸಿ ಮತ್ತೆ ಕಟ್ಟಿದರು. ಗಾಳೆಮ್ಮ ಹಾಕಿದ ಗಂಟು ಮತ್ತೆ ಮತ್ತೆ ಜಾರುತ್ತಿತ್ತು. “ನೀನು ದಾರ ಕತ್ತರಿಸಿ ಕೊಡು ಸಾಕು,” ಎಂದು ರೇಣುಕಾ ಗದರಿದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಹಾರ ಮೇಲೇರಿತು.

ಶಿವಯೋಗಿ ಬಂದು ನೋಡಿದ. ತಲೆದೂಗಿದ. ಗಾಳೆಮ್ಮನ ಎದುರಿಗೇ ರೇಣುಕಾಳನ್ನು ಕೇಳಿದ: “ಇನ್ಮೇಲೆ ಮೂರೂ ಮಂಟಪಕ್ಕೆ ನೀವೇ ಕಳಸ್ರಿ. ಈಕಿ ಸಾವಾಸ ನಂಗೆ ಸಾಕಾಗೈತಿ. ಆಗ್ತದಾ?”

“ಆಗ್ತೈತ್ರಿ,” ಎಂದಳು ರೇಣುಕಾ.

ಗಾಳೆಮ್ಮ ಬಸ್‌ಸ್ಟ್ಯಾಂಡಿನವರೆಗೂ ರೇಣುಕಾಳ ಜೊತೆ ನಡೆದಳು. ಕೊಟ್ಟೂರು ಬಸ್ಸು ಬಂದು ನಿಂತಾಗ ತಡೆಯಲಾಗಲಿಲ್ಲ.

“ಹೂಂ ಅಂದ್ಬಿಟ್ಟೆಲ್ಲೇ. ನನ್ನ ಮುಖನಾರ ನೋಡ್ಬೇಕಿತ್ತು.”

“ನೋಡಿದ್ರ ಹೂಂ ಅನ್ನಾಕ ಆಗ್ತಿರ್ಲಿಲ್ಲಕ್ಕ. ಒಲ್ಲೆ ಅಂದಿದ್ರ ಏನಾಗ್ತಿತ್ತು? ನಾಳಿಗೇ ಪ್ಲಾಸ್ಟಿಕ್ ತೂಗು ಹಾಕ್ತಿದ್ದ. ಮೂರು ಮಂಟಪ ಅಂದ್ರ ನನ್ನ ಹನ್ನೊಂದು ಮಂದಿ ಸತ್ರೂ ಮುಗಿಯಂಗಿಲ್ಲ. ನಿನ್ನೋರೇ ಕಟ್ಲಿ, ಹಡಗ್ಲಿಯಿಂದ್ಲೇ ಬುಟ್ಟಿ ಬರ್ಲಿ. ಹೆಸರು ಮಾತ್ರ ನಂದು. ಅವ್ನಿಗೆ ನಿನ್ನ ಹೆಸರು ಕೇಳಿದ್ರ ಈಗ ಉರಿ.”

“ನಾನು ಹುಟ್ಟಿಸಿದ ಗಿರಾಕಿ ಅವ್ನು.”

“ಗೊತ್ತೈತಿ. ಬ್ಯಾಡಂದ್ರ ಈಗ್ಲೇ ಹೇಳು, ಫೋನ್ ಮಾಡಿ ಬಿಟ್ಬಿಡ್ತೀನಿ.”

ಗಾಳೆಮ್ಮ ಹೇಳಲಿಲ್ಲ. ಬಸ್ಸು ಹೊರಟಿತು.

ದೊಡ್ಡ ಹೋಟೆಲುಗಳಲ್ಲಿ ಎಸಿ ಹಾಕಿಕೊಂಡು ನಾಯಕತ್ವದ ಪಾಠ ಮಾಡುವ ಮಹನೀಯರೇ, ಇದನ್ನು ನಿಮ್ಮ ಯಾವ ಹಾಳೆಯಲ್ಲಿ ಬರೆಯುತ್ತೀರಿ? ಗೆಳತಿ ಉಳಿಸಿಕೊಟ್ಟಳು, ನಿಜ. ಉಳಿಸಿದ್ದು ಗಾಳೆಮ್ಮನ ಮನೆಯೊಳಗಿನ ಕೆಲಸವನ್ನು. ಇಪ್ಪತ್ತು ವರ್ಷ ಸಂಪಾದಿಸಿದ ಹೆಸರು ಒಂದು ಮಧ್ಯಾಹ್ನಕ್ಕೆ ಹೋಯಿತು. ಅವಳಿಗೆ ಒಂದು ಸಲವೂ ತಪ್ಪುವ ಹಕ್ಕಿಲ್ಲ. ಮಂಟಪ ಕಟ್ಟಿಸಿದವರು ಎಷ್ಟು ಸಲ ತಪ್ಪಿದ್ದಾರೋ, ಅವರ ಹೆಸರು ಕಲ್ಲಿನಲ್ಲೇ ಇದೆ.

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಬಂದು ಕೂತಾಗ ಗಾಳೆಮ್ಮ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು. ಯಾರೂ ಮೊಗ್ಗು ಮುಟ್ಟಲಿಲ್ಲ. ನಾಗರತ್ನ ಎಂಬವಳ ಬಾಯಿ ಮೊದಲಿನಿಂದಲೂ ಚುರುಕು. ಅವಳು ಕೇಳಿಯೇಬಿಟ್ಟಳು:

“ಹಂಗಾದ್ರ ಇನ್ಮ್ಯಾಲೆ ನಾವು ಕೊಟ್ಟೂರಿನಾಕಿ ಆಳೇನು?”

“ಹೂಂ,” ಎಂದಳು ಗಾಳೆಮ್ಮ. “ನಾನೂ.”

ಬುಟ್ಟಿ ನಡುವೆ ಎಳೆದುಕೊಂಡು ಎಲ್ಲರಿಗಿಂತ ಮೊದಲು ತಾನೇ ಕಟ್ಟಲು ಕೂತಳು.