ಪ್ರಶ್ನೆಪತ್ರಿಕೆಯ ಅಂಚಿಗೆ ನಾನು ಹಾಕಿದ ಅಂಕಗಳು

ಪಿಯುಸಿ ಎರಡನೇ ವರ್ಷದಲ್ಲಿ ನಮ್ಮ ಕೊನೆಯ ಪತ್ರಿಕೆ ರಸಾಯನಶಾಸ್ತ್ರದ್ದು. ಅದನ್ನು ಬರೆದು ಹೊರಬಿದ್ದಾಗ ಶಹಾಪುರದ ಬಿಸಿಲು ನೆತ್ತಿ ಸುಡುತ್ತಿತ್ತು. ಪರೀಕ್ಷಾ ಕೇಂದ್ರದ ಗೇಟಿನಾಚೆ ಇದ್ದದ್ದು ಒಂದೇ ಬೇವಿನ ಮರ. ನಾವು ಐದು ಹುಡುಗಿಯರು ಅದರ ನೆರಳಿಗೆ ನುಗ್ಗಿ ಕುಳಿತೆವು. ಏನು ಬರೆದೆ, ಎಷ್ಟು ಬಂತು, ಎಷ್ಟು ಅಂಕ ಬೀಳಬಹುದು ಎನ್ನುವುದು ತೀರ್ಮಾನವಾಗದೆ ಯಾರೂ ಬಸ್ಸು ಹತ್ತುವಂತಿರಲಿಲ್ಲ.

ತೀರ್ಮಾನ ಮಾಡುವವಳು ನಾನು. ಎರಡು ವರ್ಷವೂ ತರಗತಿಗೆ ಮೊದಲಿಗಳು. ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿದ ಮೇಲೆ ಅಂಕ ಕೂಡಿಸಲು ಉಪನ್ಯಾಸಕರು ನನ್ನ ಕೈಗೇ ಕೊಡುತ್ತಿದ್ದರು. ಕೂಡಿಸುವವಳಿಗೂ ತಿದ್ದುವವರಿಗೂ ವ್ಯತ್ಯಾಸವಿದೆ ಎನ್ನುವುದು ಕ್ರಮೇಣ ನನಗೆ ಮರೆತುಹೋಗಿತ್ತು. ಹುಡುಗಿಯರಿಗೂ ಮರೆತಿತ್ತು. ಯಾವುದೇ ಪರೀಕ್ಷೆ ಮುಗಿಯಲಿ, ಒಬ್ಬೊಬ್ಬಳೂ ತಾನು ಬರೆದದ್ದನ್ನು ಹೇಳುವುದು, ನಾನು ಪೆನ್ಸಿಲ್ ಹಿಡಿದು ಆಕೆಯ ಪ್ರಶ್ನೆಪತ್ರಿಕೆಯ ಅಂಚಿಗೆ ಅಂಕ ಹಾಕುತ್ತ ಹೋಗುವುದು ನಮ್ಮ ರೂಢಿ.

ನನ್ನ ಬೆಂಚಿನ ಗೆಳತಿ ಸುರಪುರದ ಹತ್ತಿರದ ಹಳ್ಳಿಯವಳು. ಹತ್ತನೆಯ ತನಕ ಕನ್ನಡ ಮಾಧ್ಯಮ. ಶಹಾಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ, ಆದರೆ ಹೊಲದ ಮಾತು ಬಂದರೆ ಬಾಯಿ ಬಿಡುತ್ತಿದ್ದಳು. ನಮ್ಮ ಮನೆ ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ಅಪ್ಪ ಅಲ್ಲಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಆಕೆ ನಮ್ಮ ಮನೆಗೆ ಬಂದಾಗಲೆಲ್ಲ ಕೃಷಿ ಕಾಲೇಜಿನ ಬೇಲಿಯ ಬಳಿ ನಿಂತುಬಿಡುತ್ತಿದ್ದಳು. ಒಳಗಿನ ತೊಗರಿ ಸಾಲುಗಳನ್ನು ನೋಡಿ, ಯಾವುದಕ್ಕೆ ಸೊರಗು ರೋಗ ಬಿದ್ದಿದೆ, ಯಾವುದು ಗಟ್ಟಿ ತಳಿ ಎಂದು ಗುರುತು ಹಿಡಿಯುತ್ತಿದ್ದಳು. ಹುಟ್ಟಿದಾಗಿನಿಂದ ಆ ಬೇಲಿಯ ಪಕ್ಕದಲ್ಲೇ ಓಡಾಡಿದ ನನಗೆ ಅಲ್ಲಿ ಏನು ಬೆಳೆದಿದ್ದಾರೆಂದು ಗೊತ್ತಿರಲಿಲ್ಲ. ಆಕೆಗೆ ಬೇಕಾದದ್ದು ಆ ಕಾಲೇಜು. ಅದಕ್ಕೆ ಸಿಇಟಿ ಬರೆಯಬೇಕು. ಸುರಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಆಕೆಯ ಅಣ್ಣ ತಾನೇ ಕೂತು ಅರ್ಜಿ ತುಂಬಿದ್ದ. ರೈತರ ಮಕ್ಕಳ ಕೋಟಾದ ಕಾಗದಗಳನ್ನೂ ಹಚ್ಚಿದ್ದ.

ಮರದ ಕೆಳಗೆ ಆ ದಿನ ಎಲ್ಲರದೂ ಸುಸೂತ್ರವಾಗಿ ನಡೆದು ವಿದ್ಯುತ್ ಕೋಶದ ಲೆಕ್ಕಕ್ಕೆ ಬಂದು ನಿಂತಿತು. ಮೂರು ಅಂಕದ ಲೆಕ್ಕ. ನನಗೆ 1.13 ವೋಲ್ಟ್ ಬಂದಿತ್ತು. ಇನ್ನಿಬ್ಬರು ತಮಗೂ ಅಷ್ಟೇ ಎಂದರು. ಅವರಿಗೆ ನಿಜವಾಗಿ ಅಷ್ಟೇ ಬಂದಿತ್ತೋ, ನಾನು ಹೇಳಿದ ಮೇಲೆ ಹಾಗೆಂದರೋ ಈಗಲೂ ನನಗೆ ಅನುಮಾನ. ನನ್ನ ಗೆಳತಿ ಮಾತ್ರ ತನ್ನ ಪತ್ರಿಕೆಯ ಹಿಂಬದಿಯ ಗೀಚು ಲೆಕ್ಕವನ್ನು ಇನ್ನೊಮ್ಮೆ ನೋಡಿ ಹೇಳಿದಳು.

"ನನಗ ಒಂದು ಪಾಯಿಂಟ್ ಸೊನ್ನೆ ಏಳು ಬಂದದ. ನೀ ಮ್ಯಾಲಿಂದು ಕೆಳಗ ಹಾಕಿರ್ಬೇಕು, ನೋಡು."

ಉಳಿದವರು ನಕ್ಕರು. ಆಕೆ ನನಗೆ ತಪ್ಪು ತೋರಿಸುವುದೇ ಒಂದು ತಮಾಷೆ ಎಂಬಂತೆ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಏನೋ ಚುರ್ರೆಂದಿತು. ಆ ಲೆಕ್ಕದ ಎದುರಿಗೆ ಸೊನ್ನೆ ಹಾಕಿದೆ. ಅಲ್ಲಿಂದ ಮುಂದಕ್ಕೆ ನನ್ನ ಪೆನ್ಸಿಲ್ ಬಿಗಿಯಾಯಿತು. ವಿವರಣೆಯ ಉತ್ತರಗಳಲ್ಲಿ ನಾಲ್ಕನ್ನು ಆಕೆ ಕನ್ನಡದಲ್ಲಿ ಬರೆದಿದ್ದಳು. ಹಾಗೆ ಬರೆಯಬಹುದೆಂದು ಉಪನ್ಯಾಸಕರು ತರಗತಿಯಲ್ಲಿ ಹೇಳಿದ್ದು ನನಗೆ ನೆನಪಿತ್ತು. ಆದರೂ, ತಿದ್ದುವವರು ಯಾರೋ ಏನೋ, ಕನ್ನಡ ಕಂಡರೆ ಅರ್ಧವೂ ಕೊಡುವುದಿಲ್ಲ ಎಂದೆ. ನಾಲ್ಕಕ್ಕೂ ಒಂದೊಂದೇ ಅಂಕ ಹಾಕಿದೆ. ಸಮೀಕರಣದಲ್ಲಿ ಒಂದು ಬಾಣದ ಗುರುತು ಬಿಟ್ಟಿದ್ದೇನೆ ಎಂದಳು, ಅಲ್ಲೂ ಕತ್ತರಿಸಿದೆ. ಕೂಡಿಸಿದರೆ ಎಪ್ಪತ್ತಕ್ಕೆ ಹತ್ತೊಂಬತ್ತಾಯಿತು. ಪಾಸಿಗೆ ಸಾಲದು. ಆ ಹತ್ತೊಂಬತ್ತಕ್ಕೆ ದುಂಡಗೆ ಸುತ್ತು ಹಾಕಿ ಪತ್ರಿಕೆಯನ್ನು ಆಕೆಗೆ ವಾಪಸು ಕೊಟ್ಟೆ.

ಆಕೆ ಅಳಲಿಲ್ಲ. ಪತ್ರಿಕೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ನಾನು ನೀರು ಕುಡಿಯಲು ನಲ್ಲಿಯ ಕಡೆ ಹೋದೆ. ಬೊಗಸೆಯೊಡ್ಡಿ ನಿಂತಿದ್ದಾಗ ಆ ಲೆಕ್ಕ ಕಣ್ಣೆದುರು ಬಂತು. ಸತು ಕೆಳಗೆ, ತಾಮ್ರ ಮೇಲೆ ಬರೆದಿದ್ದೆ. ನಾನು ಭಾಗಾಕಾರವನ್ನು ತಲೆಕೆಳಗು ಮಾಡಿದ್ದೆ. 1.07 ಸರಿ. ನೀರು ಮೊಣಕೈಗೆ ಇಳಿದು ತೋಳು ಒದ್ದೆಯಾಗುತ್ತಿತ್ತು. ನನಗೆ ಮೊದಲು ಬಂದ ಯೋಚನೆ ಆಕೆಯದಲ್ಲ. ನನ್ನ ಮೂರು ಅಂಕ ಹೋಯಿತಲ್ಲ ಎಂಬುದು.

ಮರದ ಹತ್ತಿರ ಮರಳಿ ಬರುವಷ್ಟರಲ್ಲಿ ಆಕೆಯ ಅಣ್ಣ ಬಂದಿದ್ದ. ಹಾಸ್ಟೆಲಿನ ಟ್ರಂಕು, ಹಾಸಿಗೆ ಒಯ್ಯಲು ಟಂಟಂ ಆಟೋ ಮಾಡಿಕೊಂಡು ಬಂದವನ ಕೈಯಲ್ಲಿ ಆ ಪ್ರಶ್ನೆಪತ್ರಿಕೆ. ಪೆನ್ಸಿಲಿನ ಗುರುತುಗಳನ್ನು ಬೆರಳಿಟ್ಟು ನೋಡುತ್ತಿದ್ದ. ನನ್ನನ್ನು ಕಂಡು ಮೆಲ್ಲಗೆ ಕೇಳಿದ.

"ತಂಗಿ, ಇದು ನೀವು ಹಾಕಿದ್ದಂತ. ಖರೇ ಹೇಳ್ರಿ, ಈಕಿ ಪಾಸಾಗಂಗಿಲ್ಲೇನು?"

ಆಗ ಹೇಳಬಹುದಿತ್ತು. ನಾಲ್ಕೂ ಗೆಳತಿಯರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕಷ್ಟ ಅದರಿ ಅಣ್ಣಾರ" ಎಂದೆ.

ಆತ ಸಿಟ್ಟಾಗಲಿಲ್ಲ. ತಾನೂ ಇದೇ ವಿಷಯದಲ್ಲಿ ಫೇಲಾದವನೆಂದು ಹೇಳಿದ. ಪಾಸಾಗುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದನಂತೆ. ಫಲಿತಾಂಶದ ದಿನ ತಂದೆಯ ಎದುರು ನಿಲ್ಲಲಾಗಲಿಲ್ಲವಂತೆ. ತಂಗಿಗೆ ಹಾಗಾಗಬಾರದು. ಈಗಿನಿಂದಲೇ ಜೂನಿನ ಪೂರಕ ಪರೀಕ್ಷೆಗೆ ಓದಿಸುತ್ತೇನೆ, ಸಿಇಟಿ ಮುಂದಿನ ವರ್ಷ ನೋಡಿದರಾಯಿತು ಎಂದ. ಆಕೆ ಟಂಟಂ ಹತ್ತುವಾಗ ನನ್ನ ಕಡೆ ಕೈಯೆತ್ತಿದಳು. ನಾನೂ ಎತ್ತಿದೆ.

ಸಂಜೆ ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಯಾರೋ ಮಾದರಿ ಉತ್ತರಗಳನ್ನು ಹಾಕಿದರು. ಅದರಲ್ಲೂ 1.07 ಇತ್ತು. ಗೆಳತಿಗೆ ಸ್ವಂತ ಫೋನಿರಲಿಲ್ಲ. ಅಣ್ಣನ ನಂಬರು ನನ್ನಲ್ಲಿತ್ತು. ಆ ಹಾಳೆಯನ್ನು ಕಳಿಸಿ, ಕನ್ನಡದಲ್ಲಿ ಬರೆದರೂ ಅಂಕ ಬರುತ್ತದೆ, ನನ್ನದು ತಪ್ಪು ಲೆಕ್ಕ ಎಂದು ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಬರೆದೆ, ಅಳಿಸಿದೆ. ನಾಳೆ ಕಳಿಸೋಣ ಎಂದುಕೊಂಡೆ. ಹೀಗೆ ನಾಳೆ ನಾಳೆ ಎನ್ನುತ್ತ ಸಿಇಟಿಯ ದಿನ ಬಂತು. ಆ ವರ್ಷ ಸಿಇಟಿ ಮೊದಲು, ಫಲಿತಾಂಶ ಆಮೇಲೆ. ಯಾದಗಿರಿಯ ಕೇಂದ್ರದಲ್ಲಿ ಪರೀಕ್ಷೆ ಬರೆದು ಹೊರಗೆ ಬಂದಾಗ ಹುಡುಗಿಯರ ಗುಂಪಿನಲ್ಲಿ ಆಕೆಯ ಮುಖ ಹುಡುಕಿದೆ. ಬಂದಿರಲಿಲ್ಲ. ಸಿಇಟಿಯ ಎರಡೂ ದಿನ ಆಕೆ ಸುರಪುರದಲ್ಲಿ ಟ್ಯೂಷನ್ನಿಗೆ ಹೋಗಿ ರಸಾಯನಶಾಸ್ತ್ರವನ್ನು ಮೊದಲ ಪಾಠದಿಂದ ಓದುತ್ತಿದ್ದಳಂತೆ.

ಫಲಿತಾಂಶ ಬಂದಾಗ ನನ್ನ ನಂಬರಿಗಿಂತ ಮೊದಲು ಆಕೆಯದನ್ನು ಹಾಕಿ ನೋಡಿದೆ. ಪ್ರಥಮ ದರ್ಜೆ. ರಸಾಯನಶಾಸ್ತ್ರದ ಬರವಣಿಗೆಯಲ್ಲೇ ನಲವತ್ತೊಂದು. ನಾನು ಹಾಕಿದ್ದರ ಎರಡು ಪಟ್ಟಿಗೂ ಹೆಚ್ಚು.

ಎರಡು ದಿನ ಬಿಟ್ಟು ಬಸ್ಸು ಹತ್ತಿ ಆಕೆಯ ಊರಿಗೆ ಹೋದೆ. ಆಕೆಯ ತಾಯಿ ಚಹಾ ಕೊಟ್ಟು, ಮಗಳ ಜೊತೆ ಓದಿದವಳೆಂದು ಪಕ್ಕದ ಮನೆಯವರಿಗೆಲ್ಲ ನನ್ನನ್ನು ತೋರಿಸಿದರು. ಅಣ್ಣ ಅಂಗಡಿಯಲ್ಲಿದ್ದ. ನಾವಿಬ್ಬರೇ ಹಿತ್ತಲಿಗೆ ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ. ಲೆಕ್ಕ, ಕನ್ನಡದ ಉತ್ತರಗಳು, ಕಳಿಸದ ಹಾಳೆ. ಆಕೆ ಕೊನೆಗೆ ಒಂದನ್ನೇ ಕೇಳಿದಳು.

"ಯಾವಾಗ ಗೊತ್ತಾತು ನಿನಗ?"

"ಅವತ್ತ. ನಿಮ್ಮಣ್ಣ ಕೇಳೂಕಿಂತ ಮೊದಲ."

ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಣ್ಣನಿಗೂ ಹೇಳಿ ಕ್ಷಮೆ ಕೇಳುತ್ತೇನೆ, ಈಗಲೇ ಅಂಗಡಿಗೆ ಹೋಗುತ್ತೇನೆ ಎಂದೆ. ಆಕೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಪ್ರೀತಿಯಿಂದ ಹಿಡಿದದ್ದಲ್ಲ.

"ಆತಗ ಹೇಳಬ್ಯಾಡ. ಸಿಇಟಿ ತಪ್ಪಿಸಿದ್ದು ತಾನ ಅಂತ ಆತ ಸಂಕಟ ಪಡಾಕತ್ತಾನ. ಅದಕ್ಕ ಈಗ ಅಪ್ಪನ ಜೋಡಿ ಜಗಳ ಮಾಡಿ ನನ್ನ ಡಿಗ್ರಿಗೆ ಹಚ್ಚಾಕತ್ತಾನ. ತಪ್ಪು ನಿಂದು ಅಂತ ಗೊತ್ತಾದ್ರ ಆತ ಆರಾಮ ಆಗ್ತಾನ. ಆಮ್ಯಾಲ ನನ್ನ ಸಲುವಾಗಿ ಯಾರು ಬಡದಾಡ್ತಾರ?"

ಸ್ವಲ್ಪ ತಡೆದು, "ನೀ ಇನ್ನ ಬರಬ್ಯಾಡ" ಎಂದಳು.

ಆಕೆ ಮನೆಯಿಂದ ಓಡಾಡಿಕೊಂಡು ಸುರಪುರದಲ್ಲಿ ಬಿ.ಎ. ಮಾಡಿದಳು. ಮುಂದಿನ ವರ್ಷದ ಸಿಇಟಿ ಮಾತಿನಲ್ಲೇ ಉಳಿಯಿತು. ಒಂದು ವರ್ಷ ಮನೆಯಲ್ಲಿ ಕೂತರೆ ಮತ್ತೆ ಓದಿಸಲು ತಂದೆ ಒಪ್ಪುತ್ತಿರಲಿಲ್ಲವಂತೆ. ಈಗ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆಂದು ಕೇಳಿದ್ದೇನೆ. ನನಗೆ ಭೀಮರಾಯನಗುಡಿಯ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಆಕೆಯದನ್ನು ಕಸಿದುಕೊಂಡೆ ಎನ್ನಲಾರೆ. ಸೀಟುಗಳು ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ. ಮನೆಗೆ ಹತ್ತಿರವೆಂದು ಸೇರಿದೆ. ನಾಲ್ಕು ವರ್ಷ ಓದಿದರೂ ಆಕೆಯಂತೆ ಬೇಲಿಯಾಚೆ ನಿಂತು ಬೆಳೆಯ ರೋಗ ಹೇಳಲು ನನಗೆ ಬರಲಿಲ್ಲ.

ಹೋದ ವರ್ಷ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಅಣ್ಣ ಸಿಕ್ಕಿದ. ಕೂದಲು ನೆರೆತಿತ್ತು. ನಾನು ಮುಖ ತಿರುಗಿಸುವ ಮೊದಲೇ ಗುರುತು ಹಿಡಿದು ಹತ್ತಿರ ಬಂದ. ಸುಸಲಾ, ಮಿರ್ಚಿ ತಿನ್ನೋಣ ಬನ್ನಿರೆಂದು ಹೋಟೆಲಿಗೆ ಕರೆದೊಯ್ದು ಕೂರಿಸಿದ. ಕೆಲಸ, ಮನೆ, ಅಪ್ಪ ಎಂದು ಎಲ್ಲ ವಿಚಾರಿಸಿದ ಮೇಲೆ ತಟ್ಟೆಯ ಕಡೆ ನೋಡುತ್ತ ಹೇಳಿದ.

"ನೀವು ಸಣ್ಣ ಹುಡುಗಿ ಇದ್ರಿ, ಅಂದಾಜು ಹೇಳಿದ್ರಿ. ಅವಸರ ಮಾಡಿದವ ನಾನು. ನನ್ನ ತಂಗಿ ಒಂದಿನಾನೂ ನನಗ ಒಂದು ಮಾತು ಅಂದಿಲ್ಲ ನೋಡ್ರಿ."

ಹೇಳಬೇಡ ಎಂದು ಆಕೆ ಕೇಳಿಕೊಂಡಿದ್ದು ಡಿಗ್ರಿ ಮುಗಿಯುವ ತನಕದ ಮಾತು. ಅದು ಮುಗಿದು ವರ್ಷಗಳಾಗಿದ್ದವು. ಹೇಳಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಯಾದಗಿರಿಯ ಬಸ್ಸು ಬಂತೆಂದು ಎದ್ದೆ. ಬಿಲ್ಲು ಆತನೇ ಕೊಟ್ಟ.