ನಾಲ್ಕು ರೊಟ್ಟಿಯ ಹಾದಿ

ನಾಳೆ ದೆಹಲಿಗೆ ಹೋಗಬೇಕು, ಅಲ್ಲಿ ಥಂಡಿ ಎಷ್ಟಿದೆ ನೋಡೋಣವೆಂದು ಇವತ್ತು ಮುಂಜಾನೆ ಮೊಬೈಲಿನಲ್ಲಿ 'ದೆ' ಎಂದು ಒತ್ತಿದ್ದಷ್ಟೇ. ಉಳಿದದ್ದನ್ನು ಅದೇ ಬರೆದುಕೊಂಡಿತು: ದೆಹಲಿ–ಬೆಳಗಾವಿ ವಿಮಾನದ ದೂರ, ಸಮಯ. ಹೋದ ವರ್ಷ ನಾನೇ ಕೇಳಿದ ಪ್ರಶ್ನೆ. ನೀವೂ ನೋಡಿರಬಹುದು, ನಾವು ಮರೆಯಬೇಕೆಂದದ್ದನ್ನು ಈ ಯಂತ್ರ ಜೋಪಾನ ಮಾಡಿಟ್ಟಿರುತ್ತದೆ. ಕೆಳಗೆ ಉತ್ತರವೂ ಅದೇ: ಸುಮಾರು ಎರಡೂವರೆ ತಾಸು.

ನಮ್ಮ ಅಕ್ಕ ದೂರವನ್ನು ತಾಸಿನಲ್ಲಿ ಅಳೆದವಳಲ್ಲ. ಬಬಲೇಶ್ವರದ ಅವಳ ಮನೆಯಿಂದ ಯಾರೇ ಹೊರಡಲಿ, ಎಷ್ಟು ರೊಟ್ಟಿ ಕಟ್ಟಲಿ ಎಂದೇ ಕೇಳುತ್ತಿದ್ದಳು. ವಿಜಯಪುರಕ್ಕೆ ಒಂದು, ಸಂತೆಯಲ್ಲಿ ತಡವಾದರೆ ಇರಲಿ ಎಂದು. ಸೊಲ್ಲಾಪುರಕ್ಕೆ ಎರಡು. ಜೋಳದ ಗರಿಗರಿ ಕಟಕ್ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಸುತ್ತಲು ಹಳೆಯ ಸೀರೆಯ ತುಂಡು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ನನ್ನ ಭೂಗೋಳವೆಲ್ಲ ಆ ಗಂಟಿನದು. ಶಾಲೆಯಲ್ಲಿ ಮಾಸ್ತರರು ದೂರ ಕೇಳಿದಾಗ ರೊಟ್ಟಿಯ ಲೆಕ್ಕ ಹೇಳಿ ಬೆಂಚಿನ ಮೇಲೆ ನಿಂತದ್ದೂ ಉಂಟು.

ತಿಕೋಟಾದಲ್ಲಿ ನನ್ನದು ಒಣದ್ರಾಕ್ಷಿ ವ್ಯಾಪಾರ. ಮೊದಲ ಸಲ ಮಾದರಿ ಚೀಲ ಹಿಡಿದು ವಿಮಾನದಲ್ಲಿ ದೆಹಲಿಗೆ ಹೊರಟಾಗ, ಎರಡೂವರೆ ತಾಸಿನ ಹಾದಿಗೆ ಬುತ್ತಿ ಯಾಕೆ ಎಂದು ದೊಡ್ಡಸ್ತಿಕೆ ತೋರಿಸಿದೆ.

"ಹಂಗಾರ ದಿಲ್ಲಿ ನಮ್ಮ ಹಿತ್ತಲಾಗ ಬಂತನ್ನು," ಎಂದಳು ಅಕ್ಕ. "ಹೊತ್ತು ಮುಳುಗೂದ್ರಾಗ ಬಂದು ಎಮ್ಮಿ ಹಿಂಡಲೇ ತಮ್ಮಾ."

ಹೋದ ವರ್ಷ ಅವಳು ಕಾಯಿಲೆ ಬಿದ್ದು, ಅದು ಹೆಚ್ಚಾದಾಗಲೂ ನಾನು ದೆಹಲಿಯಲ್ಲೇ ಇದ್ದೆ. ಅವಳ ಮಗಳು ಸುವರ್ಣ ಮುಂಜಾನೆ ಫೋನ್ ಮಾಡಿ, ಅವ್ವ ನಿನ್ನನ್ನೇ ಕೇಳುತ್ತಾಳೆ, ಇವತ್ತೇ ಹೊರಡು ಎಂದಳು. ಆಗ ಒತ್ತಿ ನೋಡಿದ್ದು ಆ ಪ್ರಶ್ನೆ. ಎರಡೂವರೆ ತಾಸು, ಅಷ್ಟೇ ತಾನೆ ಎಂದುಕೊಂಡು ಆ ದಿನದ ಗಿರಾಕಿಗಳಿಗೆ ದ್ರಾಕ್ಷಿ ತೋರಿಸಿ ಮರುದಿನ ಹೊರಟೆ. ನಿಲ್ದಾಣ ಮುಟ್ಟುವ ಹೊತ್ತು, ಒಳಗೆ ಕಾಯುವ ಹೊತ್ತು, ಬೆಳಗಾವಿಯಲ್ಲಿಳಿದು ಬಬಲೇಶ್ವರದವರೆಗೆ ಕಾರಿನಲ್ಲಿ ಕೂರುವ ಹೊತ್ತು ಆ ಉತ್ತರದಲ್ಲಿ ಇರಲಿಲ್ಲ. ವಿಮಾನ ಹೇಳಿದ ವೇಳೆಗೇ ಇಳಿಯಿತು. ಅದರ ಮೇಲೆ ನನ್ನ ತಕರಾರಿಲ್ಲ. ಜಮಖಂಡಿ ದಾಟುವಾಗ ಸುವರ್ಣಳ ಫೋನ್ ಬಂತು. ಅವ್ವ ಹೋದಳು ಎಂದಳು.

ಮಣ್ಣಿಗೆ ನನಗಾಗಿ ಕಾದಿದ್ದರು. ನನ್ನ ಹಿಡಿ ಮಣ್ಣು ಹಾಕಿ, ಜಳಕ ಮಾಡಿ ಕಟ್ಟೆಯ ಮೇಲೆ ಕೂತಾಗ ಸುವರ್ಣ ಒಂದು ಗಂಟು ತಂದು ಮುಂದಿಟ್ಟಳು. ಹಿಂದಿನ ಸಂಜೆ ಅಕ್ಕ ಮಲಗಿದಲ್ಲಿಂದಲೇ ಹೇಳಿ ಮಾಡಿಸಿದ ನಾಲ್ಕು ರೊಟ್ಟಿ.

"ಮಾಮಾ ವಿಮಾನದಾಗ ಬರ್ತಾನ, ಇಷ್ಟ್ಯಾಕ ಬೇ ಅಂದೆ," ಎಂದಳು. "ಅಂವ ಬರೇ ವಿಮಾನದ ತಾಸು ಹೇಳ್ತಾನ. ಹಾದಿ ದೊಡ್ಡದೈತಿ, ಹಸದು ಬರ್ತಾನ ಅಂದ್ಳು ಅವ್ವ."

ನನಗೆ ತಡವಾಗುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟಾಗದೆ, ನನ್ನ ಹೊಟ್ಟೆಯ ಚಿಂತೆ ಮಾಡಿದ್ದಳು. ನಾಲ್ಕನ್ನೂ ತಿಂದೆ. ನಿಜಕ್ಕೂ ಹಸಿದಿದ್ದೆ.

ಮೊಬೈಲಿನ ಆ ಪ್ರಶ್ನೆಯನ್ನು ಇವತ್ತು ಅಳಿಸಲಿಲ್ಲ. ಸಂಜೆ ಬಬಲೇಶ್ವರಕ್ಕೆ ಹೋಗಿ, ದೆಹಲಿಗೆ ನಾಲ್ಕು ರೊಟ್ಟಿ ಕಟ್ಟು ಎಂದು ಸುವರ್ಣಳಿಗೆ ನಾನೇ ಹೇಳಿದೆ. ಅವಳು ಸೀರೆಯ ತುಂಡು ಹುಡುಕುತ್ತ ಕೇಳಿದಳು:

"ಹೊಳ್ಳಿ ಬರೂದಕ್ಕ ಎಷ್ಟು ಕಟ್ಟಲಿ, ಮಾಮಾ?"

ಅವು ಇಲ್ಲೇ ಇರಲಿ, ಬಂದು ತಿನ್ನುತ್ತೇನೆ ಎಂದೆ.