ಹೋದ ವರ್ಷದ ಮೆಣಸಿನಕಾಯಿ

ಎಂಬತ್ತರ ದಶಕದ ಕೊನೆಗೆ ನಾನು ಮಾನ್ವಿಯಲ್ಲಿ ಕಣ್ಣಿನ ಡಾಕ್ಟರ್ ಆಗಿದ್ದೆ. ಒಂದು ದಿನ ಒಣಮೆಣಸಿನಕಾಯಿ ವ್ಯಾಪಾರಿ ಖಾಸಿಂಸಾಬರು ಬಂದರು. ಬಲಗಡೆ ಹಣೆಯಿಂದ ರೆಪ್ಪೆಯ ತನಕ ಸರ್ಪಸುತ್ತಿನ ಗುಳ್ಳೆ, ಅದರ ಮೇಲೆ ಯಾರೋ ಬಳಿದ ಕೆಮ್ಮಣ್ಣು. ಗೋಡೆಯ ಮೇಲಿನ ಅಕ್ಷರ ಓದಿಸಿದೆ. ಕೊನೆಯ ಸಾಲಿನವರೆಗೂ ಓದಿದರು.

"ನಜರ್ ಚಲೋ ಅದ. ಮುಲಾಮು ಬರೀತೀನಿ, ಹಚ್ಕೊಳ್ರಿ" ಅಂದೆ.

ಅವರು ಏಳಲಿಲ್ಲ. ಜೇಬಿನಿಂದ ಒಂದು ಮೆಣಸಿನಕಾಯಿ ತೆಗೆದು, ಒಂದೊಂದೇ ಕಣ್ಣು ಮುಚ್ಚಿ ನೋಡಿದರು.

"ಎಡಗಣ್ಣಿಗೆ ಇದು ಈ ವರ್ಷದ ಮಾಲು ಸಾಹೇಬ್ರೇ. ಬಲಗಣ್ಣಿಗೆ ಹೋದ ವರ್ಷದ್ದು ಕಂಡಂಗ ಕಾಣ್ತದ. ಅಕ್ಷರ ತಗೊಂಡು ನಾ ಏನ್ ಮಾಡ್ಲಿ? ನನ್ನ ಧಂದಾ ನಡಿಯೋದು ಕೆಂಪಿನ ಮ್ಯಾಲ."

ಬರೆಯುತ್ತಿದ್ದ ಚೀಟಿಯನ್ನು ಹರಿದುಹಾಕಿದೆ. ಸರ್ಪಸುತ್ತಿನ ವೈರಸ್ಸು ಕಣ್ಣಿನ ನರಕ್ಕೆ ಇಳಿದರೆ ಕೆಂಪು ಬಣ್ಣ ಹೀಗೇ ಮಾಸುತ್ತದೆ. ಹಾಗೇ ಬಿಟ್ಟರೆ ಕಣ್ಣೇ ಹೋಗಬಹುದು. ಆ ವೈರಸ್ಸಿಗೆ ಮಾತ್ರೆ ಆಗಷ್ಟೇ ಬಂದಿತ್ತು. ಅವರ ತಮ್ಮ ಅಂದೇ ರಾಯಚೂರಿಗೆ ಹೋಗಿ ರೈಲು ಹತ್ತಿ, ಹೈದರಾಬಾದಿನಿಂದ ತಂದ. ದಿನಕ್ಕೆ ಐದು ಸಲ ಅಂದಾಗ ಖಾಸಿಂಸಾಬರು, "ಐದು ನಮಾಜಿಗೆ ಐದು ಗುಳಿಗಿ, ತಪ್ಪಂಗಿಲ್ಲ ಬಿಡ್ರಿ" ಅಂದರು.

ಕೆಲವು ವಾರಗಳಲ್ಲಿ ಎರಡೂ ಕಣ್ಣಿಗೆ ಮೆಣಸಿನಕಾಯಿ ಒಂದೇ ವರ್ಷದ್ದಾಯಿತು.

ಆಮೇಲಿಂದ ಕಣ್ಣಿನ ನರ ಪರೀಕ್ಷಿಸಲು ನನ್ನ ಮೇಜಿನ ಮೇಲೂ ಒಂದು ಮೆಣಸಿನಕಾಯಿ ಇರುತ್ತಿತ್ತು. ವರ್ಷಕ್ಕೊಮ್ಮೆ ಖಾಸಿಂಸಾಬರೇ ಬಂದು ಅದನ್ನು ಬದಲಿಸುತ್ತಿದ್ದರು.

"ಮಾಲು ಹಳೇದಾಗ್ಯದ್ರಿ. ನಿಮ್ಮ ಎರಡೂ ಕಣ್ಣು ಚಲೋ ಇದ್ರೂ ಇದು ನಿಮಗ ಗೊತ್ತಾಗಂಗಿಲ್ಲ."